ಜಯದೇವಿಯ ತೋರುಬೆರಳು

ಬಸವೇಶ್ವರನಗರದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಶಿವಕಿರಣನ ರಿಪೇರಿ ಅಂಗಡಿ ಇದೆ. ಅಲ್ಲಿಗೆ ಬರುವುದು ಟೀವಿಯೂ ಅಲ್ಲ, ಮಿಕ್ಸಿಯೂ ಅಲ್ಲ. ಬಿಟ್‌ಕಾಯಿನ್ ಗಳಿಸಿಕೊಡುತ್ತೇವೆಂದು ಬಿಡುವಿಲ್ಲದೆ ಲೆಕ್ಕ ಹಾಕುತ್ತಾ ಕೂರುವ ಮೈನಿಂಗ್ ಮೆಷಿನ್ನುಗಳು. ಮೈನಿಂಗ್ ಎಂದ ಮಾತ್ರಕ್ಕೆ ಗುದ್ದಲಿ ಪಿಕಾಸಿ ಏನಿಲ್ಲ. ಬೂಟಿನ ಡಬ್ಬದಂಥ ಪೆಟ್ಟಿಗೆ, ಕಿವಿ ಹಾರಿಹೋಗುವಂತೆ ಅರಚುವ ಎರಡು ಫ್ಯಾನು, ಒಳಗೆ ಮೂರು ಬೋರ್ಡು, ಒಂದೊಂದರ ಮೇಲೂ ಅರವತ್ತಮೂರು ಚಿಪ್ಪು. ಅವುಗಳಲ್ಲಿ ಒಂದು ಕೆಟ್ಟರೆ ಸಾಕು, ಉಳಿದವೂ ಕೈಕಟ್ಟಿ ಕೂರುತ್ತವೆ. ಆ ಒಂದನ್ನು ಹುಡುಕುವುದೇ ರಿಪೇರಿ, ಮಿಕ್ಕದ್ದೆಲ್ಲ ಬರೀ ಬೆಸುಗೆ.

ಹುಡುಕುವ ಕೆಲಸ ಜಯದೇವಿಯದು. ವಯಸ್ಸು ಐವತ್ತೆರಡು, ಮನೆ ಹೆಗ್ಗನಹಳ್ಳಿ. ರಾಜಾಜಿನಗರದಲ್ಲಿ ಟೀವಿ ಬೋರ್ಡು ತಯಾರಿಸುತ್ತಿದ್ದ ಒಂದು ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ ಬೆಸುಗೆ ಹಾಕಿದವಳು. ಫ್ಯಾಕ್ಟರಿ ಮುಚ್ಚಿತು, ಆ ಜಾಗದಲ್ಲೀಗ ಅಪಾರ್ಟ್‌ಮೆಂಟ್ ಎದ್ದಿದೆ. ಅಲ್ಲಿ ಕಲಿತ ವಿದ್ಯೆ ಮಾತ್ರ ಅವಳ ಜೊತೆಗೇ ಬಂತು. ಬೋರ್ಡಿಗೆ ಚೂರೇ ಚೂರು ಕರೆಂಟು ಕೊಡುವುದು, ತೋರುಬೆರಳಿನ ತುದಿಯನ್ನು ಒಂದೊಂದು ಚಿಪ್ಪಿನ ಮೇಲೂ ಇಟ್ಟು ಎತ್ತುತ್ತಾ ಹೋಗುವುದು. ಶಾರ್ಟ್ ಆಗಿರುವುದು ಉಳಿದವಕ್ಕಿಂತ ಮೊದಲೇ ಬಿಸಿಯಾಗುತ್ತದೆ, ಸತ್ತಿರುವುದು ತಣ್ಣಗೇ ಇರುತ್ತದೆ. ಒದ್ದೆ ಬೆರಳಲ್ಲಿ ಮುಟ್ಟಿ ಮುದ್ದೆ ಬೆಂದಿದೆಯೋ ಇಲ್ಲವೋ ಹೇಳುವ ಹೆಂಗಸರಿಗೆ ಇದೇನು ಮಹಾ ಎಂದು ಅವಳೇ ನಗುತ್ತಿದ್ದಳು. ಆದರೆ ಅವಳು "ಕೈಗೆ ಬಂತು" ಎನ್ನುವವರೆಗೆ ಶಿವಕಿರಣ ಯಾವ ಬೋರ್ಡನ್ನೂ ಪ್ಯಾಕ್ ಮಾಡುತ್ತಿರಲಿಲ್ಲ.

ಹೋದ ವರ್ಷ ಅವನು ಆಸೆಪಟ್ಟು ಒಂದು ಕ್ಯಾಮೆರಾ ತಂದಿದ್ದ. ಬೋರ್ಡಿನ ಮೇಲೆ ಹಿಡಿದರೆ ಬಿಸಿ ಇರುವ ಕಡೆ ಬೆಳ್ಳಗೆ, ತಣ್ಣಗಿರುವ ಕಡೆ ನೀಲಿಯಾಗಿ ಕಾಣುತ್ತದೆ. ಜಯದೇವಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬೆರಳಿಲ್ಲದೋರು ಇಟ್ಕೊಳ್ಳೋ ಆಟದ ಸಾಮಾನು ಕಣಪ್ಪ ಇದು" ಎಂದುಬಿಟ್ಟಳು. ಶಿವಕಿರಣ ಪೆಚ್ಚಾಗಿ ಅದನ್ನು ಬೀರುವಿನ ಮೇಲೆ ಹಾಕಿದ. ಜಂಬ ಯಾರನ್ನು ಬಿಟ್ಟಿದೆ?

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಅವಳ ಬಲಗೈ ಜುಮುಗುಡಲು ಶುರುವಾಯಿತು. ಆಮೇಲೆ ಜುಮುಗುಡುವುದೂ ನಿಂತಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರೂ ಇದ್ದ ಹಾಗೇ ಇದ್ದವು, ಸುದ್ದಿ ಹೇಳುವುದನ್ನು ಮಾತ್ರ ಬಿಟ್ಟವು. ಕಾಫಿ ಲೋಟ ಸುಡುತ್ತಿದೆ ಎಂಬುದು ತುಟಿಗೆ ತಾಗಿದ ಮೇಲೆ ತಿಳಿಯುತ್ತಿತ್ತು. ವಿಜಯನಗರದ ಡಾಕ್ಟರು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಎಂದರು, ಬಹಳ ತಡ ಮಾಡಿದ್ದೀರಿ, ಆಪರೇಷನ್ ಮಾಡಿದರೂ ಸ್ಪರ್ಶ ಪೂರ್ತಿ ಬರುವುದು ಖಾತ್ರಿಯಿಲ್ಲ ಎಂದರು. ಚೀಟಿ ಮಡಿಚಿ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಅಳು ಬರುತ್ತದೇನೋ ಎಂದು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅಳು ಬರಲಿಲ್ಲ, ಸುಂಕದಕಟ್ಟೆಯ ಸ್ಟಾಪು ಬಂತು, ಇಳಿದಳು.

ಶಿವಕಿರಣನಿಗೆ ಹೇಳಲಿಲ್ಲ. ಬೆಸುಗೆ ಹಾಕುವವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ, ಬೆರಳು ಹೋದರೆ ಬೆಂಚೂ ಹೋದಂತೆಯೇ ಎಂದು ಅವಳಿಗೆ ಭಯ. ಭಯ ಎಂದರೂ ಎದೆ ಡವಗುಟ್ಟುವಂಥದ್ದಲ್ಲ. ಆ ತಿಂಗಳುಗಳಲ್ಲಿ ಅವಳಿಗೆ ಯಾವುದೂ ಅಷ್ಟು ಒಳಗೆ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಬಂದು ಕೂರುತ್ತಿದ್ದಳು. ಮಲ್ಟಿಮೀಟರಿನಲ್ಲಿ ಅಳೆದು, ಕಣ್ಣಲ್ಲಿ ಹುಡುಕಿ, ಹೇಗೋ ದಾಟಿಸುತ್ತಿದ್ದಳು. ಶಿವಕಿರಣ ತಿರುಗಿ ನೋಡಿದಾಗ ಮಾತ್ರ ರೂಢಿಯಂತೆ ಬೆರಳಿಡುತ್ತಿದ್ದಳು.

ರೇವಂತನ ಬೋರ್ಡಿನಲ್ಲಿ ಈ ನಾಟಕ ಕೈಕೊಟ್ಟಿತು. ರೇವಂತ ಕೆಂಗೇರಿಯ ಹಳೇ ಒಕ್ಕಲುಮನೆಯ ಹುಡುಗ, ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳು. ತಾತನ ಕಾಲದ ಕೊಟ್ಟಿಗೆಯಲ್ಲಿ ಎಂಟು ಮೆಷಿನ್ನು ಇಟ್ಟಿದ್ದ. ಅವನು ಕಳಿಸಿದ ಬೋರ್ಡು ಟೆಸ್ಟರಿನಲ್ಲಿ ಅರವತ್ತಮೂರು ಚಿಪ್ಪೂ ಸರಿಯಿದೆ ಎಂದು ತೋರಿಸುತ್ತಿತ್ತು, ಆದರೆ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತಿತ್ತು. ಇಂಥದ್ದಕ್ಕೆ ಮೀಟರು ಸಾಲದು, ಓಡುತ್ತಿರುವಾಗಲೇ ಮುಟ್ಟಿ ನೋಡಬೇಕು. ಜಯದೇವಿ ಸಾಲುಸಾಲಾಗಿ ಮುಟ್ಟಿದಳು. "ಕೈಗೆ ಬಂತಾ ಜಯಕ್ಕ?" ಎಂದ ಶಿವಕಿರಣ. "ಬಂತು. ಎಲ್ಲಾ ಒಂದೇ ಸಮ ಇದೆ, ಕಳಿಸು" ಎಂದಳು. ಮರಗಟ್ಟಿದ ಬೆರಳಿಗೆ ಎಲ್ಲವೂ ಒಂದೇ ಸಮವೇ.

ನಾಲ್ಕನೇ ದಿನ ಬೋರ್ಡು ಮೂಲೆ ಸುಟ್ಟು ಕರ‍್ರಗಾಗಿ ವಾಪಸ್ಸು ಬಂತು. ಶಿವಕಿರಣ ಕರೆಂಟನ್ನು ಬೈದ, ಕೆಂಗೇರಿಯ ಧೂಳನ್ನು ಬೈದ, ರೇವಂತನ ವೈರಿಂಗನ್ನು ಬೈದ. ಜಯದೇವಿಯನ್ನೊಂದು ಬಿಟ್ಟು ಎಲ್ಲರನ್ನೂ ಬೈದ. ಬೈದಿದ್ದರೇ ಚೆನ್ನಾಗಿತ್ತು.

ಸುಟ್ಟ ಮೂಲೆಯನ್ನು ಅವಳು ಎರಡು ದಿನ ಕೂತು ಸರಿಮಾಡಿದಳು. ಮೂರನೆಯ ದಿನ ಮತ್ತೆ ಕರೆಂಟು ಕೊಟ್ಟು, ಈ ಸಲವಾದರೂ ತಿಳಿಯಲಿ ಎಂದು ಒಂದೊಂದರ ಮೇಲೂ ಬೆರಳನ್ನು ಹೆಚ್ಚು ಹೊತ್ತು ಒತ್ತಿ ಹಿಡಿದಳು. ಹನ್ನೊಂದನೆಯದರ ಮೇಲೆ ಹಿಡಿದಿದ್ದಾಗ, ಏನೋ ಸುಟ್ಟ ವಾಸನೆಗೆ ಶಿವಕಿರಣ ಕುರ್ಚಿ ತಳ್ಳಿ ಓಡಿಬಂದ.

"ಜಯಕ್ಕಾ, ಕೈ ತೆಗೀರಿ!"

ತೆಗೆದಳು. ಬೆರಳ ತುದಿಯ ಚರ್ಮ ಬೆಳ್ಳಗೆ ಬೆಂದು, ಒಂದು ಚೂರು ಚಿಪ್ಪಿಗೇ ಅಂಟಿಕೊಂಡಿತ್ತು. ಶಿವಕಿರಣ ಅವಳ ಕೈ ಹಿಡಿದೆಳೆದು ನಲ್ಲಿಯ ಕೆಳಗೆ ಇಟ್ಟ. ನೀರು ಬೀಳುತ್ತಿರುವುದನ್ನು ಅವಳು ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡುತ್ತಾ ನಿಂತಳು.

"ಉರೀತಿಲ್ವಾ?"

"ಇಲ್ಲ."

"ಯಾವಾಗಿಂದ ಹಿಂಗೆ?"

"ಶಿವರಾತ್ರಿ ಆದ್ಮೇಲಿಂದ."

ಅವನು ಬೀರುವಿನ ಮೇಲಿಂದ ಕ್ಯಾಮೆರಾ ಇಳಿಸಿ, ಧೂಳು ಒರೆಸಿ, ಅವಳ ಬೆಂಚಿನ ಮೇಲೆ ನಿಲ್ಲಿಸಿದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಜಯದೇವಿಗೆ ಬೇಕಾಯಿತು. ಪರದೆಯ ಮೇಲೆ ಹನ್ನೊಂದನೇ ಚಿಪ್ಪು ಸುಣ್ಣದಷ್ಟು ಬೆಳ್ಳಗಿತ್ತು. ಮಗ್ಗುಲಲ್ಲಿ ನೀರು ಆರಿದ್ದ ಅವಳ ಕೈಯೂ ಬಂತು, ಐದು ಬೆರಳೂ ಹಳದಿ ಕೆಂಪಾಗಿ ಬೆಚ್ಚಗೆ. ತನ್ನ ಕೈಯಲ್ಲಿ ಇನ್ನೂ ಬಿಸಿ ಇದೆ ಎಂಬುದನ್ನು ಅವಳು ಅಲ್ಲಿ ನೋಡಿ ತಿಳಿದುಕೊಂಡಳು. ದುಃಖವಾಯಿತು ಎಂದರೆ ಸುಳ್ಳಾಗುತ್ತದೆ. ಬೆರಳಿಗೆ ಪಟ್ಟಿ ಸುತ್ತಿಕೊಂಡು, ಹಾಟ್ ಏರ್ ಗನ್ ಹಿಡಿದು ಆ ಚಿಪ್ಪನ್ನು ಕಿತ್ತು ಹೊಸದನ್ನು ಕೂರಿಸಿದಳು.

ಸಂಜೆಯವರೆಗೂ ಬೋರ್ಡು ನಿಲ್ಲದೆ ಓಡಿತು. ಆಗ ರೇವಂತನ ಫೋನು ಬಂತು. ಶಿವಕಿರಣ ಒಂದು ನಿಮಿಷ ಮಾತಾಡಿ, ಏನೋ ಯೋಚಿಸಿ, ಫೋನನ್ನು ಸ್ಪೀಕರಿಗೆ ಹಾಕಿ ಅವಳ ಎಡಗೈಗೆ ಕೊಟ್ಟ.

"ಆಂಟಿ, ಈ ಸಲ ನೀವೇ ಸರಿಯಾಗಿ ಮುಟ್ಟಿ ನೋಡಿದ್ರಾ?"

ಶಿವಕಿರಣ ಹೂಂ ಎನ್ನಿ ಎಂಬಂತೆ ತಲೆಯಾಡಿಸಿದ. ಹೂಂ ಎಂದಿದ್ದರೆ ಇನ್ನೊಂದಷ್ಟು ವರ್ಷ ಅವಳ ಹೆಸರು ಹಾಗೇ ಉಳಿಯುತ್ತಿತ್ತು.

"ಇಲ್ಲ ಕಣಪ್ಪ. ಕ್ಯಾಮೆರಾದಲ್ಲಿ ನೋಡ್ದೆ. ನನ್ ಬೆರಳಿಗೆ ಏನೂ ಗೊತ್ತಾಗಲ್ಲ ಈಗ. ಹೋದ್ ಸಲಾನೂ ಗೊತ್ತಾಗಿರ್ಲಿಲ್ಲ, ಸುಮ್ನೆ ಸರಿಯಿದೆ ಅಂದ್ಬಿಟ್ಟೆ. ನಿನ್ ಬೋರ್ಡ್ ಸುಟ್ಟಿದ್ದು ನನ್ನಿಂದ."

ಇಷ್ಟು ತಿಂಗಳು ಮುಚ್ಚಿಟ್ಟಿದ್ದು ಇಷ್ಟೇ ಮಾತು. ಆ ಕಡೆ ಕೊಟ್ಟಿಗೆಯ ಫ್ಯಾನುಗಳು ಅರಚುತ್ತಿದ್ದವು.

"ಅಯ್ಯೋ, ಬಿಡಿ ಆಂಟಿ. ಈಗ ಓಡ್ತಾ ಇದೆ ತಾನೆ?"

"ಓಡ್ತಾ ಇದೆ. ಅರವತ್ತಮೂರೂ."

"ಅಷ್ಟಾದ್ರೆ ಸಾಕು. ಬೆರಳಲ್ಲಿ ನೋಡಿದ್ರೇನು, ಕ್ಯಾಮೆರಾದಲ್ಲಿ ನೋಡಿದ್ರೇನು? ನಂಗೆ ಎರಡೂ ಒಂದೇ."

ಹುಡುಗ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. "ಹೂಂ, ಒಂದೇ" ಎಂದಳು ಜಯದೇವಿ. ಫೋನು ವಾಪಸ್ಸು ಕೊಟ್ಟು, ಶಿವಕಿರಣ ಅಷ್ಟರಲ್ಲೇ ತಂದಿಟ್ಟಿದ್ದ ಮುಂದಿನ ಬೋರ್ಡನ್ನು ಕ್ಯಾಮೆರಾದ ಕೆಳಕ್ಕೆ ಸರಿಸಿಕೊಂಡಳು.