ಪೆಂಗ್ವಿನ್ ಸಾಕು ಮೇಡಂ

ಅಂಟಾರ್ಕ್ಟಿಕಾದಿಂದ ಬಂದ ಮೇಲೆ ನನಗೆ ಹೊದಿಸಿದ ಶಾಲುಗಳೆಲ್ಲ ಗಂಜಾಂನ ನಮ್ಮ ಮನೆಯ ಅಟ್ಟದಲ್ಲಿವೆ. ಅವುಗಳಲ್ಲಿ ಒಂದನ್ನು ಕಂಡರೆ ಇವತ್ತಿಗೂ ಮೈ ಉರಿಯುತ್ತದೆ. ಅದನ್ನು ಹೊದಿಸಿದವನು ಜಲ್ಲಿ ಕ್ರಷರಿನ ಮಾಲೀಕ.

ಆಗ ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಧ್ರುವ ಸಂಶೋಧನೆಗೆ ಹೋಗುವ ತಂಡವೊಂದು ಶಾಲಾ ಶಿಕ್ಷಕರನ್ನೂ ಕರೆದೊಯ್ಯುತ್ತದೆ ಎಂದು ತಿಳಿದು ಅರ್ಜಿ ಹಾಕಿದೆ, ಆಯ್ಕೆಯೂ ಆದೆ. ಅವರು ಕೇಳಿದ್ದು ಇಷ್ಟೇ: ಅಲ್ಲಿ ಕಲಿತದ್ದನ್ನು ವಾಪಸು ಬಂದು ಮಕ್ಕಳಿಗೆ ಕಲಿಸಬೇಕು.

ಹಡಗಿನಲ್ಲಿ ಹೊಟ್ಟೆಯಲ್ಲಿದ್ದುದೆಲ್ಲ ಕಕ್ಕಿದ್ದು, ಕೈಬೆರಳು ಮರಗಟ್ಟಿದ್ದು ಈಗ ಮರೆತೇ ಹೋಗಿದೆ. ಉಳಿದಿರುವುದು ಒಂದು ಸಣ್ಣ ಕೆಲಸದ ನೆನಪು. ತಂಡದ ಹಿರಿಯ ವಿಜ್ಞಾನಿಯೊಬ್ಬರು ಹಾಲಿನಂಥ ಹಿಮವನ್ನು ತುಂಬಿ ತಂದು, ಕರಗಿಸಿ, ಬಿಳಿ ಕಾಗದದ ಮೇಲೆ ಸೋಸಿದರು. ನೀರೆಲ್ಲ ಇಳಿದ ಮೇಲೆ ಕಾಗದಕ್ಕೆ ತೆಳ್ಳಗೆ ಬೂದುಬಣ್ಣ ಹತ್ತಿತ್ತು.

"ಯಾವುದೋ ದೇಶದ ಧೂಳು, ಯಾವುದೋ ಊರಿನ ಹೊಗೆ. ಇಲ್ಲಿಗೂ ಬಂದಿದೆ ನೋಡಿ" ಎಂದರು.

ನನಗೆ ನಮ್ಮ ಶಾಲೆ ಕಣ್ಣಮುಂದೆ ಬಂತು. ಪಕ್ಕದ ಕ್ರಷರಿನ ಧೂಳಿಗೆ, ಬೆಳಿಗ್ಗೆ ಒರೆಸಿದ ಬೆಂಚಿನ ಮೇಲೆ ಮಧ್ಯಾಹ್ನಕ್ಕೆ ಬೆರಳಲ್ಲಿ ಹೆಸರು ಬರೆಯಬಹುದಾದ ಶಾಲೆ ಅದು.

ವಾಪಸು ಬಂದಾಗ ಶಾಲೆಯ ಊರಿನಲ್ಲಿ ಸನ್ಮಾನವಾಯಿತು. ಕ್ರಷರಿನ ಮಾಲೀಕ ಪೇಟ ತೊಡಿಸಿ, ಶಾಲು ಹೊದಿಸಿ, ಮೈಕು ಹಿಡಿದ. "ನಮ್ ಮೇಡಮ್ನೋರು ಐಸಿನ್ ನಾಡ್ಗೋಗಿ ಬಂದವ್ರೆ. ಅಲ್ಲಿ ಕಲ್ತುದ್ದೆಲ್ಲಾನೂ ನಮ್ ಮಕ್ಳಿಗೆ ಏಳ್ಕೊಡ್ಲಿ" ಎಂದ. ನಾನು ಮಾಡಿದ್ದೂ ಅದನ್ನೇ.

ಧೂಳು ಅಂಟಲೆಂದು ಬಿಳಿ ರಟ್ಟಿನ ತುಂಡುಗಳಿಗೆ ವ್ಯಾಸಲಿನ್ ಸವರಿ, ಕಟ್ಟಿ ಬರಲು ಮಕ್ಕಳ ಕೈಗೆ ಕೊಟ್ಟೆ. ಒಂದು ಶಾಲೆಯ ಕಿಟಕಿಗೆ, ಒಂದು ನಾಲೆಯಾಚೆಯ ಗದ್ದೆಗೆ, ಇನ್ನೊಂದು ಕ್ರಷರಿನ ಪಕ್ಕದ ಮನೆಗೆ. ಆ ಮನೆ ನನ್ನ ಒಂಬತ್ತನೇ ಕ್ಲಾಸಿನ ಹುಡುಗಿಯದು. ವಾರ ಕಳೆದು ತಂದಾಗ ಗದ್ದೆಯ ರಟ್ಟಿನ ಮೇಲೆ ಅಲ್ಲಲ್ಲಿ ಚುಕ್ಕೆಗಳಿದ್ದವು. ಶಾಲೆಯದು ಬೂದಿಯಂತಾಗಿತ್ತು. ಹುಡುಗಿಯ ರಟ್ಟಿನಲ್ಲಿ ಬಿಳುಪೇ ಉಳಿದಿರಲಿಲ್ಲ. ಯಾವಾಗಲೂ ಕೆಮ್ಮುತ್ತಿದ್ದ ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು:

"ಮಿಸ್, ಈ ಧೂಳು ನಮ್ ಎದೆ ಒಳೀಕೂ ಇಂಗೇ ಅಂಟ್ಕತದಾ?"

ಹೌದು ಎಂದೆ. ಸುಳ್ಳು ಹೇಳಲು ಅಷ್ಟು ದೂರ ಹೋಗಿ ಬರಬೇಕಿರಲಿಲ್ಲ.

ಮರುದಿನ ಅವಳ ತಾಯಿ ಗೇಟಿನ ಬಳಿ ಕಾದಿದ್ದಳು. ಕ್ರಷರಿನಲ್ಲಿ ಬಾಂಡ್ಲಿ ಹೊರುವ ಹೆಂಗಸು. "ಅನ್ನ ಕೊಡೋ ಜಾಗ ಕಣ್ರವ್ವ ಅದು. ನಾಳೀಕೆ ನನ್ ಕೆಲ್ಸದಿಂದ ತಗ್ದಾಕುದ್ರೆ ನೀವು ಉಣ್ಣಕಿಕ್ಕೀರಾ?" ಎಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಗಳ ಕೆಮ್ಮು ಕೇಳಿಯೂ ಬಾಯಿ ಮುಚ್ಚಿಕೊಂಡಿರುವ ಹಾಗೆ ಅವಳನ್ನು ಮಾಡಿದವರ ಮೇಲೆ ಬಂತು.

ಶಾಲೆಯ ವಿಜ್ಞಾನ ಮೇಳದ ದಿನ ಬೆಳಿಗ್ಗೆ ನೋಡಿದರೆ, ಹಿಂದಿನ ಸಂಜೆ ನಾವು ಜೋಡಿಸಿಟ್ಟಿದ್ದ ರಟ್ಟುಗಳು ಇರಲಿಲ್ಲ. ಅವುಗಳ ಜಾಗದಲ್ಲಿ ಥರ್ಮಾಕೋಲಿನ ಇಗ್ಲೂ, ಅದರ ಮುಂದೆ ಪೆಂಗ್ವಿನ್ ಚಿತ್ರ. ಹೆಡ್‌ಮಾಸ್ಟರನ್ನು ಕೇಳಿದೆ.

"ಉದ್ಘಾಟನೆಗೆ ಮಾಲೀಕ್ರೇ ಬತ್ತಾವ್ರೆ. ಪೆಂಗ್ವಿನ್ ಸಾಕು ಮೇಡಂ, ಮಕ್ಳು ಖುಷಿಪಡ್ತವೆ" ಎಂದರು.

"ಅಂಟಾರ್ಕ್ಟಿಕಾದಲ್ಲಿ ಇಗ್ಲೂನೇ ಇಲ್ಲ ಸರ್. ಅದನ್ನ ಕಟ್ಟೋ ಜನ ಇರೋದು ಭೂಮಿಯ ಇನ್ನೊಂದು ತುದೀಲಿ."

"ಅದ್ಯಾರ್ಗೆ ಗೊತ್ತಾಯ್ತದೆ, ಬುಡಿ."

ರಟ್ಟು ಎಸೆದದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಯಾರಿಗೂ ಗೊತ್ತಾಗುವುದಿಲ್ಲ ಎಂಬುದೇ ಒಬ್ಬ ಮೇಷ್ಟರ ಧೈರ್ಯವಾದರೆ ಶಾಲೆ ಯಾತಕ್ಕೆ?

ವೇದಿಕೆಯ ಮೇಲೆ ನನ್ನ ಸರದಿ ಬಂದಾಗ ಎಲ್ಲವನ್ನೂ ಹೇಳಿದೆ. ಹಿಮ ಸೋಸಿದ್ದು, ನಮ್ಮ ಮಕ್ಕಳು ರಟ್ಟು ಕಟ್ಟಿದ್ದು, ಅವು ಬೂದುಬಣ್ಣಕ್ಕೆ ತಿರುಗಿದ್ದು, ಆ ಬೆಳಿಗ್ಗೆ ಕಾಣೆಯಾದದ್ದು. ಮಾಲೀಕ ಕೂತಲ್ಲಿಂದಲೇ, "ಶಾಲೆಗೆ ಕಾಂಪೌಂಡು ಕಟ್ಸಿದ್ದು ಯಾರು, ಅದ್ನೂ ಏಳಿ ಮೇಡಂ" ಎಂದ.

"ನೀವೇ ಕಟ್ಟಿಸಿದ್ದು. ಧೂಳು ಅದನ್ನ ದಾಟಿ ಬರ್ತಿದೆ" ಎಂದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಿಂಗಳೊಳಗೆ ನಾನು ಹೆಚ್ಚುವರಿ ಶಿಕ್ಷಕಿ ಎಂದು ಲೆಕ್ಕವಾಗಿ ನಾಗಮಂಗಲ ತಾಲ್ಲೂಕಿನ ಶಾಲೆಯೊಂದಕ್ಕೆ ನಿಯೋಜನೆಗೊಂಡೆ. ಕ್ರಷರಿನವರು ಧೂಳು ಏಳದಂತೆ ಕೆಲವು ದಿನ ಟ್ಯಾಂಕರಿನಲ್ಲಿ ನೀರು ಹೊಡೆಸಿದರು, ಆಮೇಲೆ ಅದೂ ನಿಂತಿತು.

ಮರುವರ್ಷ ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿ, ಅವಳ ತಾಯಿ ಸಿಕ್ಕರು. "ನೀವು ಒಂಟೋದ್ಮೇಲೆ ವಿಜ್ಞಾನಕ್ಕೆ ಯಾರೂ ಬಂದಿಲ್ಲ ಮಿಸ್. ಪಿ.ಟಿ. ಮೇಷ್ಟ್ರು ನೋಟ್ಸ್ ಬರೆಸ್ತಾವ್ರೆ" ಎಂದಳು ಹುಡುಗಿ. ಹೆಚ್ಚುವರಿಯಾಗಿದ್ದವಳು ನಾನು. ಬಸ್‌ಸ್ಟ್ಯಾಂಡಿನಲ್ಲೇ ಕೂಗಿಬಿಡುತ್ತಿದ್ದೆನೇನೋ, ಅಷ್ಟರಲ್ಲಿ ತಾಯಿ ಸೆರಗು ಸರಿಮಾಡಿಕೊಂಡು, "ಭಾನ್ವಾರ ಮನೆ ತಾವ ಬಂದು ಏಳ್ಕೊಡಿ ಕಣ್ರವ್ವ. ಪರೀಕ್ಸೆ ಪಾಠ ಮಾತ್ರ. ಆ ಧೂಳಿನ್ ಸುದ್ದಿ ಬ್ಯಾಡ" ಎಂದಳು.

ಈಗ ಭಾನುವಾರ ಹೋಗುತ್ತೇನೆ. ಅವರ ಜಗಲಿಯ ಮೇಲೆ ಅಕ್ಕಪಕ್ಕದ ಮಕ್ಕಳೂ ಬಂದು ಕೂರುತ್ತಾರೆ. ಕಳೆದ ವಾರ ಉಸಿರಾಟದ ಪಾಠ ಮಾಡಿದೆ, ಗಾಳಿಯ ಜೊತೆ ಎದೆಯೊಳಕ್ಕೆ ಏನೇನು ಇಳಿಯುತ್ತದೆ ಎಂಬುದನ್ನೂ ಹೇಳಿದೆ. ಹತ್ತನೇ ಕ್ಲಾಸಿನ ಪುಸ್ತಕದಲ್ಲೇ ಇದೆ, ಪರೀಕ್ಷೆಗೂ ಬರುತ್ತದೆ. ತಾಯಿ ಒಳಗೆ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿ, ಪಾಠ ಮುಗಿಯುವವರೆಗೂ ಬಾಗಿಲಿಗೆ ಒರಗಿ ಕೇಳಿದಳು. ನಿಲ್ಲಿಸಿ ಎನ್ನಲಿಲ್ಲ.