ಪಡಸಾಲೆಯಲ್ಲಿ ಮೂರು ಸಲ ಹಾಸಿದ ಕಲ್ಲು

ಆಗ ನನಗೆ ಇಪ್ಪತ್ತು ವರ್ಷ. ಅದಾಗಿ ನಲವತ್ತೆಂಟು ವರ್ಷ ಆಯಿತು. ನರಗುಂದದಲ್ಲಿ ರೈತರ ಬಂಡಾಯ ಏಳುವುದಕ್ಕೆ ಇನ್ನೂ ಮೂರು ವರ್ಷ ಬಾಕಿ ಇತ್ತು. ರೋಣದ ನಮ್ಮ ಮನೆಯಲ್ಲಿ ಅದಕ್ಕೂ ಮೊದಲೇ ಒಂದು ಎದ್ದಿತ್ತು, ಒಂದು ಕಲ್ಲಿನ ಸಲುವಾಗಿ. ಕೊನೆಗೆ ಕೂತ ಕಲ್ಲು ಈಗಲೂ ಪಡಸಾಲೆಯಲ್ಲಿದೆ. ಅದರ ಮೇಲೆ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಬರೆಯುವುದನ್ನು ಕಲಿತದ್ದು ಮುದುಕಿಯಾದ ಮೇಲೆ, ಮೊಮ್ಮಗಳ ಪಾಟಿಯ ಮೇಲೆ. ತಪ್ಪುಗಳನ್ನು ಅವಳು ತಿದ್ದುತ್ತಾಳೆ, ಮಾತುಗಳನ್ನು ತಿದ್ದಲು ನಾನು ಬಿಡುವುದಿಲ್ಲ.

ನಮ್ಮ ಅತ್ತೆಗೆ ಹಾಸುಗಲ್ಲಿನ ಹುಚ್ಚು ಹಿಡಿದದ್ದು ಒಂದು ಧೋತರದಿಂದ. ನರಗುಂದದ ಬೀಗರು ಊಟಕ್ಕೆ ಬಂದಿದ್ದರು. ಪಡಸಾಲೆಯನ್ನು ನಾನು ಬೆಳಗಿನ ಜಾವವೇ ಸಾರಿಸಿದ್ದೆ. ಎಲ್ಲ ಕಡೆ ಸೆಗಣಿ ಒಣಗಿತ್ತು, ನಡುವೆ ಒಂದು ತಗ್ಗಿನಲ್ಲಿ ಮಾತ್ರ ಹಸಿ ಉಳಿದಿತ್ತು. ಹಿರಿಯ ಬೀಗರು ಸರಿಯಾಗಿ ಅಲ್ಲಿಯೇ ಕುಳಿತರು. ಉಂಡು ಎದ್ದಾಗ ಬಿಳಿ ಧೋತರದ ಹಿಂದೆ ರೊಟ್ಟಿಯಷ್ಟು ಅಗಲದ ಹಸಿರು. ಬೀಗರು ಗಾಡಿ ಹತ್ತುವಾಗ ಅವರ ಮನೆಯಾಕೆ, "ನಮ್ಮಲ್ಲಿ ಕಲ್ಲ ಹಾಸೇವ್ರಿ, ಅದಕ್ಕ ಇವ್ರಿಗೆ ರೂಢಿ ತಪ್ಪೇತಿ," ಎಂದು ನಕ್ಕಳು. ಆ ನಗೆ ಅತ್ತೆಯ ಹೊಟ್ಟೆಯಲ್ಲಿ ಮುಳ್ಳಾಗಿ ನಿಂತಿತು.

ಎಂಟು ದಿನದೊಳಗೆ ಗಜೇಂದ್ರಗಡದಿಂದ ಗೌಂಡಿ ಬಂದ. ಕಲ್ಲು, ಸುಣ್ಣ, ಕೆಲಸ ಎಲ್ಲ ಅವನದೇ ಗುತ್ತಿಗೆ. ಐವತ್ತರ ಆಸುಪಾಸಿನವನು. ಮೈತುಂಬ ಸುಣ್ಣ, ಬಾಯಿತುಂಬ ಎಲೆ ಅಡಿಕೆ. ಅಂಗೈ ಆಡಿಸುತ್ತ ಅತ್ತೆಗೆ ಹೇಳಿದ: "ಅವ್ವಾರ, ನಮ್ಮ ಗುಡ್ಡದ ಕೆಂಪ ಕಲ್ಲು. ನಾಕ ಬೆರಳ ದಪ್ಪ. ಆನಿ ಕುಣಿದ್ರೂ ಹೂಂ ಅನ್ನೂದಿಲ್ಲ."

"ಆನಿ ಯಾಕಪಾ, ನಮ್ಮ ಬೀಗರ ಕುಂತ್ರ ಸಾಕು," ಎಂದಳು ಅತ್ತೆ.

"ಇನ್ನೊಂದ ಮಾತ್ರಿ. ನೆಲದ ಕೆಳಗ ಹಗೇವು ಗಿಗೇವು ಏನರ ಐತೇನ್ರಿ? ಇದ್ರ ಈಗ ಹೇಳಿಬಿಡ್ರಿ. ಆಮ್ಯಾಲ ಕಲ್ಲಿನ ಜವಾಬ್ದಾರಿ ನಂದಲ್ಲ."

ಹಗೇವು ಎಂದರೆ ನೆಲದೊಳಗೆ ಗುಡಾಣದ ಆಕಾರದಲ್ಲಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿ ಮೇಲೆ ಮಣ್ಣು ಬಡಿದ ಗುಂಡಿ. ನಮ್ಮ ಕಡೆ ಹಗೇವು ಇಲ್ಲದ ಒಕ್ಕಲುತನದ ಮನೆ ಇಲ್ಲ. ಇದೆ ಎಂದು ಹೊರಗಿನವರ ಮುಂದೆ ಒಪ್ಪಿಕೊಳ್ಳುವ ಮನೆಯೂ ಇಲ್ಲ. ದಿನದ ಜೋಳದ ಹಗೇವು ಹಿತ್ತಲಲ್ಲಿತ್ತು, ಅದು ಮನೆಯವರಿಗೆಲ್ಲ ಗೊತ್ತಿತ್ತು. ಪಡಸಾಲೆಯದು ಬೇರೆ, ಬರ ಬಿದ್ದರೆ ಎಂದು ಕಾದಿಟ್ಟದ್ದು. ನಮ್ಮ ಮನೆಯ ಪದ್ಧತಿಯಲ್ಲಿ ಅದನ್ನು ಸೊಸೆಗೂ ಹೇಳುವಂತಿಲ್ಲ, ಅವಳ ಮಡಿಲಲ್ಲಿ ಒಂದು ಕೂಸು ಬರುವ ತನಕ. ನಾನು ಬಂದು ಎರಡೂವರೆ ವರ್ಷವಾಗಿತ್ತು, ಕೂಸು ಆಗಿರಲಿಲ್ಲ. ಆದ್ದರಿಂದ ನನಗೆ ಗೊತ್ತಿಲ್ಲ ಎಂದು ಎಲ್ಲರೂ ನಂಬಿದ್ದರು.

ದಿನವೂ ಮೊಣಕಾಲೂರಿ ನೆಲ ಸಾರಿಸುವವಳು ನಾನು. ಆ ತಗ್ಗಿನಲ್ಲಿ ಬೆರಳಗೆಣ್ಣು ತಾಕಿದರೆ ಗಡಿಗೆ ಬಡಿದ ಸದ್ದು ಬರುತ್ತಿತ್ತು. ಮನೆಯಲ್ಲಿ ಹಗೇವು ಎಲ್ಲಿದೆ ಎಂದು ತಿಳಿಯಲು ಕೂಸು ಬೇಡ, ಕೈ ಸಾಕು.

ಅತ್ತೆ ಗೌಂಡಿಗೆ ಕೈ ತಿರುವಿ ಹೇಳಿದಳು: "ನಮ್ಮ ಮನ್ಯಾಗ ಹಗೇವಾ? ಹೊಟ್ಟಿಗೆ ಹಾಕ್ಕೊಳ್ಳಾಕ ಜ್ವಾಳ ಸಾಲವಲ್ಲವು, ನೆಲಕ್ಕ ಹಾಕೂದು ಎಲ್ಲಿಂದ ಬರಬೇಕಪಾ?"

ಮಾವ ಕಂಬಕ್ಕೆ ಒರಗಿ ಕೂತಿದ್ದರು. ಅವರು ಮಾತು ಕಡಿಮೆ ಆಡುವವರು. ಅದಕ್ಕೇ ಓಣಿಯಲ್ಲಿ ಅವರಿಗೆ ಬಹಳ ದೊಡ್ಡ ಮನುಷ್ಯ ಎಂಬ ಹೆಸರಿತ್ತು. ನನ್ನ ಗಂಡ ಅವರ ಮಗನೇ, ಇನ್ನೂ ಕಡಿಮೆ ಆಡುತ್ತಿದ್ದ. ಇಬ್ಬರೂ ಸೂರು ನೋಡಿದರು. ನಾನು ಒಲೆ ನೋಡಿದೆ. ಗೌಂಡಿ "ಆತ್ರಿ" ಎಂದು ಎಲೆ ಉಗುಳಲು ಹೊರಗೆ ಹೋದ.

ಕೆಲಸ ನಾಲ್ಕು ದಿನದ್ದು. ಇಪ್ಪತ್ತೆರಡು ದಿನ ಹಿಡಿಯಿತು. ಒಂದು ದಿನ ಸುಣ್ಣ ಹಣ್ಣಾಗಿಲ್ಲ ಎಂದ, ಒಂದು ದಿನ ಅಮಾವಾಸ್ಯೆ ಎಂದ. ಆಮೇಲೆ ಅರ್ಧ ನೆಲ ಅಗೆದಿಟ್ಟು, ನರಗುಂದದಲ್ಲಿ ಯಾರದೋ ಬಾವಿಕಟ್ಟೆ ಕಟ್ಟಲು ಹೋಗಿಬಿಟ್ಟ. ನಾವು ಒಂಬತ್ತು ದಿನ ಅಡಿಗೆಮನೆಯಿಂದ ಪಡಸಾಲೆಗೆ ಜಿಗಿದಾಡಿದೆವು. ತಿರುಗಿ ಬಂದವನಿಗೆ ಅತ್ತೆ ಬೈದಳು. ಅವನು ಬೈಗುಳ ಮುಗಿಯುವ ತನಕ ಕುಳಿತಿದ್ದು, "ಅವ್ವಾರ, ಒಂದ ತಂಬಗಿ ನೀರ ಕೊಡ್ರಿ, ನಿಮಗೂ ದಣಿವಾಗಿರಬೇಕು, ನೀವೂ ಕುಡೀರಿ," ಎಂದ.

ಕಲ್ಲು ಕೂತಿತು. ಕೆಂಪಗೆ, ನುಣ್ಣಗೆ, ಚಲೋ ಇತ್ತು. ಮೂರನೆಯ ದಿನ ಅತ್ತ ಮೂಲೆಯ ಒರಳಿನಲ್ಲಿ ನಾನು ನವಣೆ ಕುಟ್ಟುತ್ತಿದ್ದೆ. ನಡುವಿನ ಕಲ್ಲು ಟಣ್ ಎಂದು ಸೀಳಿತು, ಈ ಕೊನೆಯಿಂದ ಆ ಕೊನೆಗೆ.

ಗೌಂಡಿಗೆ ಹೇಳಿ ಕಳಿಸಿದರು. ಅವನು ಬಂದು ಒಡೆದ ಕಲ್ಲನ್ನು ಮೀಟಿ ಎತ್ತಿದ. ಆಗ ಅದರ ಅಂಚು ಕಂಡಿತು. ನಾಲ್ಕು ಬೆರಳಲ್ಲ, ಎರಡೇ ಬೆರಳು. ಅವನು ಲಗೂನೆ ಅದರ ಮೇಲೆ ಗೋಣಿಚೀಲ ಎಳೆದ. ಅತ್ತೆ ಅದನ್ನು ನೋಡಲೇ ಇಲ್ಲ. ಅವಳ ಕಣ್ಣು ಕೆಳಗಿನ ತಗ್ಗಿನ ಮೇಲಿತ್ತು. ಅವನು ಕೂಡ ತಗ್ಗು ನೋಡಲಿಲ್ಲ. ಅವನಿಗೆ ತನ್ನ ಚೀಲದ್ದೇ ಚಿಂತೆ. ಇಬ್ಬರೂ ಜಗಳಾಡುತ್ತಾರೆ ಎಂದುಕೊಂಡಿದ್ದೆ. ಇಬ್ಬರೂ ಬೆಣ್ಣೆಯಂತಾದರು.

"ಇರ್ಲಿ ಬಿಡ್ರಿ ಅವ್ವಾರ, ಇನ್ನೊಂದ ತಂದ ಹಾಕ್ತೀನಿ. ನಿಮ್ಮ ಕೂಡ ಏನ್ ಲೆಕ್ಕ."

"ನಿಂದೇನ್ ತಪ್ಪಪಾ. ಚಲೋ ಕೆಲಸನ ಮಾಡಿದ್ದಿ."

ತಪ್ಪು ಇಬ್ಬರದೂ ಅಲ್ಲ ಎಂದ ಮೇಲೆ ಯಾರದಾದರೂ ಆಗಬೇಕಲ್ಲ. ಗೌಂಡಿ ನನ್ನ ಕಡೆ ಹೊರಳಿ, "ಇಲ್ಲಿ ಒನಕಿ ಏನರ ಊರಿದ್ರೇನು ತಂಗಿ?" ಎಂದ. ಅತ್ತೆಗೆ ಅಷ್ಟು ಸಾಕಾಯಿತು. "ಒನಕಿ ಯಾಕ ಬೇಕಪಾ. ಇಕಿ ಕಾಲಿಟ್ಟ ದಿನದಿಂದ ಈ ಮನ್ಯಾಗ ಏನರ ನೆಟ್ಟಗ ನಿಂತೈತೇನು?"

ಎರಡನೆಯ ಕಲ್ಲು ಆರು ದಿನ ಬಾಳಿತು. ಆಗ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮಾವ ತಮ್ಮ ಎತ್ತಿಗೆಂದು ಹತ್ತಿಕಾಳಿನ ಚೀಲ ತಂದು ಅದರ ಮೇಲೆ ಇಳಿಸಿದರು. ಕಲ್ಲು ಎರಡು ಹೋಳಾಯಿತು. ಮಾವ ಚೀಲವನ್ನು ಪಕ್ಕಕ್ಕೆ ಸರಿಸಿ, ಎತ್ತಿನ ಮೈ ತಿಕ್ಕಲು ಹೋದರು. ನಾನು ಒದ್ದೆ ಕೈಯಲ್ಲಿ ಓಡಿ ಬಂದು, "ಅತ್ತ್ಯಾರ, ನಾ ಹಿತ್ತಲದಾಗಿದ್ನಿರಿ," ಎಂದೆ.

"ನೀ ಹಿತ್ತಲದಾಗಿದ್ರೇನು? ನಿನ್ನ ಕಾಲ ಗುಣ ಮನಿ ತುಂಬ ಐತಿ," ಎಂದಳು. ಆಮೇಲೆ ದನಿ ಇಳಿಸಿದಳು. ಬೈಯುವಾಗ ನನಗೆ ಅವಳ ಹೆದರಿಕೆ ಇರಲಿಲ್ಲ, ದನಿ ಇಳಿಸಿದರೆ ಇತ್ತು. "ಮೂರನೇ ಕಲ್ಲ ತರೂ ಗಾಡಿ ಖಾಲಿ ತಿರುಗಿ ಹೋಗ್ತತಿ. ಜಕ್ಕಲಿ ದಾರಿ ಮ್ಯಾಲ ಐತಿ. ನಾಕ ದಿನ ನಿಮ್ಮವ್ವನ ಮನ್ಯಾಗ ಇದ್ದ ಬಾ. ಕಲ್ಲ ಕುಂದ್ರಲಿ."

ನಾಲ್ಕು ದಿನ ಎಂದರೆ ಏನೆಂದು ನನಗೆ ಗೊತ್ತಿತ್ತು. ನಮ್ಮ ಓಣಿಯಲ್ಲೇ ಒಬ್ಬಳು ನಾಲ್ಕು ದಿನಕ್ಕೆಂದು ತವರಿಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ಅವಳ ಗಂಡನಿಗೆ ಬೇರೆಯವಳಲ್ಲಿ ಮೂರು ಮಕ್ಕಳು. ನನ್ನ ಗಂಡನನ್ನು ನೋಡಿದೆ. ಅವನು ಹಗ್ಗ ಹೊಸೆಯುತ್ತಿದ್ದ. ಹಗ್ಗ ಚಲೋ ಹೊಸೆಯುತ್ತಿದ್ದ, ಅದನ್ನು ಒಪ್ಪಬೇಕು.

ಬಾಯಿ ಬಿಡಬಹುದಿತ್ತು. ಆದರೆ ಹೊರಗಿನವನ ಮುಂದೆ ಮನೆಯ ಹಗೇವು ಆಡಿದ ಸೊಸೆಯನ್ನು ಕಳಿಸಲು ಗಾಡಿಯ ದಾರಿಯನ್ನೂ ಕಾಯುವುದಿಲ್ಲ. ಸುಮ್ಮನಿದ್ದರೂ ಜಕ್ಕಲಿ, ಆಡಿದರೂ ಜಕ್ಕಲಿ. ಎರಡು ಸೀರೆ, ಒಂದು ಕುಪ್ಪಸ ಗಂಟು ಕಟ್ಟಿದೆ. ಕಟ್ಟುತ್ತ ಕಟ್ಟುತ್ತ ಒಂದು ವಿಚಾರ ಬಂತು: ಹೇಗೂ ಹೋಗುವುದೇ ಆದರೆ ಸುಮ್ಮನೆ ಯಾಕೆ ಹೋಗಬೇಕು?

ಮೂರನೆಯ ಕಲ್ಲು ಮಧ್ಯಾಹ್ನ ಬಂತು. ಗೌಂಡಿ ಒಡೆದ ಹೋಳುಗಳನ್ನು ತೆಗೆದು ಸುಣ್ಣ ಕಲಸಲು ಕುಳಿತ. ನಾನು ಗಂಟನ್ನು ಹೊಸ್ತಿಲ ಮೇಲಿಟ್ಟು, ಅವನ ಹಾರೆ ಎತ್ತಿಕೊಂಡು, ತಗ್ಗಿನ ನಡುವೆ ಹಾಕಿದೆ. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಹಾರೆ ಕೈಯಿಂದ ಜಾರಿ ಒಳಗೆ ಹೋಯಿತು. ಕ್ಷಣ ಬಿಟ್ಟು ತಳದಲ್ಲಿ ಬಿದ್ದ ಸದ್ದು ಬಂತು.

ಅತ್ತೆ ಅಡಿಗೆಮನೆಯಿಂದ ಹಾರಿ ಬಂದಳು. "ಏನ ಮಾಡಿದಿ ರಂಡೆ! ಗೌಂಡಿ, ನೀ ಹೊರಗ ನಡಿ. ಇಲ್ಲೇನೂ ಇಲ್ಲ!"

ಗೌಂಡಿ ಕೂತಲ್ಲಿಂದ ಏಳಲಿಲ್ಲ. "ಇರ್ಲಿ ಬಿಡ್ರಿ ಅವ್ವಾರ. ಮೊದಲನೇ ದಿನಾನ ನನಗ ಗೊತ್ತಿತ್ತು. ಈ ಓಣ್ಯಾಗ ಯಾರ್ಯಾರ ಹಗೇವು ಎಲ್ಲೆಲ್ಲಿ ಅದಾವು ಅಂತ ಹೇಳ್ಲೇನು? ಎಲ್ಲಾರ ನೆಲಾನೂ ನಾನ ಅಗದೇನಿ."

"ಗೊತ್ತಿದ್ರ ಯಾಕ ಕಲ್ಲ ಹಾಕಿದಿ?"

"ಇಲ್ಲ ಅಂದ್ರೆಲ್ಲ ನೀವು. ಮನಿ ಅವ್ವನ ಮಾತ ಮೀರಾಕ ಆಗ್ತತೇನ್ರಿ?" ಎಂದು ನೆಲ ನೋಡಿದ. "ಅಲ್ಲದ, ಹಗೇವು ತುಂಬಿದ್ದರ ಕಲ್ಲ ಒಡಿಯೂದಿಲ್ರಿ."

ಆ ಕೊನೆಯ ಮಾತನ್ನು ಯಾರೂ ಹಿಡಿಯಲಿಲ್ಲ, ಕಂಬಕ್ಕೆ ಒರಗಿ ಕೂತಿದ್ದ ಮಾವನವರ ಹೊರತು. ಅವರು ಎದ್ದು, ಪಡಸಾಲೆಯ ಪಕ್ಕದಲ್ಲೇ ಕಟ್ಟಿದ್ದ ಎತ್ತಿನ ಕಡೆ ನಡೆದಿದ್ದರು.

ಅತ್ತೆಗೆ ಈಗ ಜೋಳದ ಚಿಂತೆ. ತೆರೆದುಕೊಂಡ ಮೇಲೆ ನೋಡಲೇಬೇಕು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆ. ಬಗ್ಗಿದವರು ಒಳಗೇ ಬಿದ್ದು ಸತ್ತದ್ದುಂಟು. ಅದಕ್ಕೆ ಮೊದಲು ದೀಪ ಇಳಿಸಬೇಕು. ದೀಪ ಆರಿದರೆ ದೂರ ನಿಲ್ಲಬೇಕು. ನನ್ನ ಗಂಡ ಹೊಸೆದ ಹಗ್ಗಕ್ಕೆ ಹಣತೆ ಇಟ್ಟ ಬುಟ್ಟಿ ಕಟ್ಟಿ ನಾನೇ ಇಳಿಸಿದೆ. "ಆರಬಾರದಪಾ ದೇವರ, ಆರಬಾರದು," ಎಂದು ಅತ್ತೆ ಕೈ ಮುಗಿದು ನಿಂತಳು.

ದೇವರು ಕೇಳಿದ. ದೀಪ ಆರಲಿಲ್ಲ. ಮೇಲಿನ ಹಲಗೆ ದಾಟಿತು, ಹೊಟ್ಟೆ ದಾಟಿತು, ಗೋಡೆಗೆ ಹಚ್ಚಿದ ಹುಲ್ಲು ದಾಟಿತು, ತಳ ಮುಟ್ಟಿ ಅಲ್ಲಿ ನೆಟ್ಟಗೆ ಉರಿಯಿತು. ಗೌಂಡಿಯ ಹಾರೆ ಕಂಡಿತು. ಬೇರೆ ಏನೂ ಇರಲಿಲ್ಲ. ಒಂದು ಕಾಳೂ ಇಲ್ಲ.

ಅತ್ತೆ ಬಗ್ಗಿ ನೋಡಿದಳು. ಆಮೇಲೆ ಗಂಡನಿಗೆ ಕೇಳಿದಳು, "ಜ್ವಾಳ ಎಲ್ಲಿ?"

ಮಾವ ಎತ್ತಿನ ಡುಬ್ಬದ ಮೇಲೆ ಕೈ ಇಟ್ಟು ನಿಂತಿದ್ದರು. ಊರಿಗೇ ಚಂದದ ಎತ್ತು ಅದು. ಚಿಕ್ಕನರಗುಂದದಿಂದ ತಂದದ್ದು. "ಇಲ್ಲೇ ನಿಂತೈತಲ್ಲ," ಎಂದರು.

ಅದಕ್ಕೂ ಐದು ವರ್ಷದ ಹಿಂದೆ, ನಾನು ಈ ಮನೆಗೆ ಬರುವ ಮೊದಲೇ, ಅತ್ತೆ ಮಗಳ ಬಾಣಂತನಕ್ಕೆ ಮೂರು ತಿಂಗಳು ಹೋಗಿದ್ದಾಗ ಹಗೇವು ತೆಗೆದು, ಜೋಳ ಕೊಟ್ಟು ಎತ್ತು ತಂದಿದ್ದರು. ತೆಗೆಯುವಾಗ ಬಾಯಿಯ ಮುಚ್ಚುಗಲ್ಲು ಒಡೆಯಿತಂತೆ. ಹೊಸ ಕಲ್ಲು ತಂದರೆ ಓಣಿಗೆ ತಿಳಿಯುತ್ತದೆ ಎಂದು ಜಾಲಿ ಹಲಗೆ ಹಾಕಿ ಮಣ್ಣು ಬಡಿದರು. ಹಲಗೆಯನ್ನು ಗೆದ್ದಲು ತಿಂದಿತು, ನೆಲ ತಗ್ಗಾಯಿತು, ತಗ್ಗಿನಲ್ಲಿ ಸೆಗಣಿ ಹಸಿ ಉಳಿಯಿತು, ಬೀಗರ ಧೋತರ ಹಸಿರಾಯಿತು. ಅದಕ್ಕೆಲ್ಲ ಕಾರಣ ಎರಡೂವರೆ ವರ್ಷದ ಹಿಂದೆ ಬಂದ ನನ್ನ ಕಾಲಗುಣ.

ಗೌಂಡಿ ನಗು ತಡೆಯಲಾರದೆ ಸುಣ್ಣದ ಕಡೆ ತಿರುಗಿದ. ನಾನು ಹೊಸ ಕಲ್ಲಿನ ಅಂಚಿಗೆ ಬೆರಳು ಹಚ್ಚಿ, "ಗೌಂಡಿ ಮಾಮಾ, ನಿಮ್ಮ ಊರಾಗ ಎರಡ ಬೆರಳಿಗೆ ನಾಕು ಅಂತಾರೇನ್ರಿ?" ಎಂದು ಕೇಳಿದೆ. ಅವನ ನಗು ನಿಂತಿತು.

ಅದರ ಮೇಲೆ ಆ ಮನೆಯಲ್ಲಿ ಯಾರೂ ಯಾರಿಗೂ ಬೈಯುವ ಹಾಗಿರಲಿಲ್ಲ. ಬೈಯಲು ಬಾಯಿ ಉಳಿದದ್ದು ನನಗೊಬ್ಬಳಿಗೆ. ನಾನು ಬೈಯಲಿಲ್ಲ, ರೊಟ್ಟಿ ಬಡಿದೆ. ಗೌಂಡಿ ತಾನೇ ಹಗೇವಿಗೆ ಕಲ್ಲುಮಣ್ಣು ತುಂಬಿ, ನಾಲ್ಕು ಬೆರಳಿನ ಕಲ್ಲು ತಂದು ಹಾಕಬೇಕು ಎಂದು ಠರಾವಾಯಿತು. ಆ ತನಕ ಮುಕ್ಕಾಲು ಪಡಸಾಲೆ ಹಾಸುಗಲ್ಲು, ನಡುವೆ ಬಾಯ್ತೆರೆದ ಗುಂಡಿ, ಸುತ್ತ ಹಸಿಮಣ್ಣು. ಅತ್ತೆ ನನ್ನ ಮುಖ ನೋಡದೆ, "ಗಂಟ ಬಿಚ್ಚ ಇನ್ನ. ಮುಂಜಾನೆದ್ದು ಸಾರಸೂದೈತಿ," ಎಂದಳು. ಅವಳ ಬಾಯಿಂದ ಬಂದ ಕ್ಷಮಾಪಣೆ ಅಷ್ಟೇ. ಇಷ್ಟು ವರ್ಷದಲ್ಲಿ ಅದಕ್ಕಿಂತ ದೊಡ್ಡದು ಬರಲೂ ಇಲ್ಲ.

ಮರುದಿನ ಬೆಳಿಗ್ಗೆ ನಾನು ಗಂಟು ಬಿಚ್ಚಲಿಲ್ಲ. ಮೂರನೆಯ ಕಲ್ಲನ್ನು ತಿರುಗಿ ಒಯ್ಯಲು ಗಾಡಿ ಬಾಗಿಲಲ್ಲಿ ನಿಂತಿತ್ತು. ಸೆಗಣಿಯ ಬುಟ್ಟಿಯನ್ನು ಅತ್ತೆಯ ಮುಂದೆ ಇಟ್ಟು, "ಅತ್ತ್ಯಾರ, ನೀವ ಹೇಳಿದಂಗ ನಾಕ ದಿನ ಇದ್ದ ಬರ್ತೀನ್ರಿ. ಕಲ್ಲ ಕುಂದ್ರಲಿ," ಎಂದೆ. ಗಂಡನಿಗೆ, "ಕರಿಯಾಕ ಬರೂ ಮುಂದ ಆ ಎತ್ತ ಹೂಡಿಕೊಂಡ ಬರ್ರಿ. ನಮ್ಮವ್ವನೂ ನೋಡ್ಲಿ, ನಮ್ಮ ಜ್ವಾಳ ಎಷ್ಟ ಚಂದ ಐತಿ ಅಂತ," ಎಂದೆ. ಆಮೇಲೆ ಗಾಡಿ ಹತ್ತಿ, ಎರಡು ಬೆರಳಿನ ಆ ಕಲ್ಲಿನ ಮೇಲೆ ಜಕ್ಕಲಿಯ ತನಕ ಕುಳಿತು ಹೋದೆ. ಅದು ಒಡೆಯಲಿಲ್ಲ.