ದಂಡೋತಿಯ ಬಸವೇಶ್ವರಿ ಪದ ಮುಂದುವರಿಸಿದ್ದು

ದಂಡೋತಿಯಲ್ಲಿ ಯಾರಾದರೂ ಲಿಂಗೈಕ್ಯರಾದರೆ ಮೊದಲು ಭಜನಿ ಮೇಳಕ್ಕೆ ಹೇಳಿ ಕಳುಹಿಸುತ್ತಾರೆ. ಮಣ್ಣಿಗೊಯ್ಯುವ ತನಕ ತತ್ವಪದ ನಿಲ್ಲಬಾರದು. ಮುಂದಾಳು ಒಂದು ಸಾಲು ಎತ್ತುತ್ತಾನೆ, ಹಿಂದಿನವರು ಅದನ್ನೇ ತಿರುಗಿ ಹೇಳುತ್ತಾರೆ. ಅವರು ಹೇಳುವ ತನಕ ಅವನು ಮುಂದಿನ ಸಾಲಿಗೆ ಹೋಗುವಂತಿಲ್ಲ. ನಾಗೇಂದ್ರಪ್ಪ ಮೇಳದ ಮುಂದಾಳು. ಹಿಂದೆ ಕುಳಿತು ದನಿಗೂಡಿಸುತ್ತಿದ್ದವಳು ಅವನ ಮಗಳು ಬಸವೇಶ್ವರಿ.

ಹೋದ ವರ್ಷ ನಾಗೇಂದ್ರಪ್ಪನೇ ತೀರಿಕೊಂಡ. ಗೋಡೆಗೆ ಒರಗಿಸಿ ಕೂಡ್ರಿಸಿದ ಅಪ್ಪನ ಮುಂದೆ ಮಗಳು ಮೊದಲ ಸಾಲು ಎತ್ತಿದಳು. ಮೇಳದವರು ಬಿಕ್ಕಿ ಅಳುತ್ತಿದ್ದರು. ಯಾರೂ ತಿರುಗಿ ಹೇಳಲಿಲ್ಲ. ಅವಳು ಅದೇ ಸಾಲನ್ನು ಮತ್ತೆ ಹೇಳಿದಳು, ಮತ್ತೊಮ್ಮೆ ಹೇಳಿ ಸುಮ್ಮನಾದಳು. ಊರಿಗೆಲ್ಲ ಪದ ಹೇಳಿದವನು ಪದವಿಲ್ಲದೆ ಮಣ್ಣಿಗೆ ಹೋದ. ಆಮೇಲೆ ಮೇಳ ಕೂಡಲೇ ಇಲ್ಲ. ಇನ್ನು ಎತ್ತುವವಳು ನೀನೇ ಎಂದು ತಬಲಾ ನುಡಿಸುವ ಸರ್ದಾರ ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಅವಳು ಒಪ್ಪದಿದ್ದರೆ ಊರಿಗೆ ಬೇರೆ ಮುಂದಾಳು ಇರಲಿಲ್ಲ.

ಈ ಚಳಿಗಾಲ ಸೇಡಂನಲ್ಲಿ ನಡೆದ ಅಂತರರಾಷ್ಟ್ರೀಯ ಯುವ ಸಂಗೀತ ಶಿಬಿರಕ್ಕೆ ಅವಳ ಹೆಸರು ಬರೆಸಿದವನೂ ಸರ್ದಾರನೇ. ಅಲ್ಲಿ ಬೇರೆ ಬೇರೆ ದೇಶದ ಇಬ್ಬಿಬ್ಬರನ್ನು ಸೇರಿಸಿ, ಕೂಡಿ ಒಂದು ಹಾಡು ಕಟ್ಟಿರಿ ಎಂದರು. ಬಸವೇಶ್ವರಿಗೆ ಜೊತೆಯಾದವಳು ಜಾರ್ಜಿಯಾದ ಸಲೋಮೆ. ಒಬ್ಬಳ ಭಾಷೆ ಒಬ್ಬಳಿಗೆ ಬಾರದು. ಊಟ, ಚಹಾ ಎಲ್ಲ ಕೈಸನ್ನೆಯಲ್ಲಿ ಸಾಗಿತು. ಕಟಕ ರೊಟ್ಟಿ ಮುರಿಯುವ ಸದ್ದಿಗೆ ಅವಳು ನಕ್ಕರೆ ಇವಳೂ ನಗುತ್ತಿದ್ದಳು. ಹಾಡು ಮಾತ್ರ ಸಾಗಲಿಲ್ಲ. ಬಸವೇಶ್ವರಿ ಸಾಲು ಎತ್ತಿದರೆ ಸಲೋಮೆ ಅದನ್ನು ತಿರುಗಿ ಹೇಳದೆ ಕೆಳಗಿನ ಒಂದು ಸ್ವರ ಹಿಡಿದು ಕುಳಿತುಬಿಡುತ್ತಿದ್ದಳು. ಇವಳು ಮತ್ತೆ ಅದೇ ಸಾಲು, ಅವಳು ಮತ್ತೆ ಅದೇ ಸ್ವರ. ಒಬ್ಬಳು ಇನ್ನೊಬ್ಬಳಿಗೆ ಕಾಯುತ್ತಿದ್ದಳು.

ಶಿಬಿರದಲ್ಲಿ ದುಭಾಷಿಯಾಗಿದ್ದ ವಾಡಿಯ ತಾರೀಕ ಬಾಗಿಲಲ್ಲಿ ನಿಂತು ಕೇಳಿದ.

“ಅಕ್ಕಾ, ಸಿಗ್ನಲ್ ಸಿಗದ ಗೂಡ್ಸ್ ಗಾಡಿಗತೆ ನಿಂತಲ್ಲೇ ನಿಂತೀರಲ್ರಿ,” ಎಂದ. ಆಮೇಲೆ ಸಲೋಮೆಯನ್ನು ಇಂಗ್ಲಿಷಿನಲ್ಲಿ ವಿಚಾರಿಸಿ ಹೇಳಿದ: “ಇಕಿ ತಿರುಗಿ ಹೇಳಂಗಿಲ್ಲಂತ. ಅವರಲ್ಲಿ ಒಬ್ರು ಹಾಡಿದ್ರ ಉಳದೋರು ಕೆಳಗ ಸ್ವರ ಹಿಡಕೊಂಡು ಕುಂದರ್ತಾರಂತ. ನೀವು ಮುಂದ ಹೋಗ್ರಿ.”

“ಹಿಂದ ಯಾರೂ ಹೇಳಲಾರದ ಹ್ಯಾಂಗ ಹೋಗ್ಲೋ?”

“ಅಕಿ ಬಿಟ್ಟಿಲ್ಲಲ್ರಿ. ಹಿಡದಾಳ.”

ಬಸವೇಶ್ವರಿ ಎರಡನೆಯ ಸಾಲಿಗೆ ಹೋದಳು. ದನಿ ನಡುಗಿತು. ಕೆಳಗಿನ ಸ್ವರ ಕದಲಲಿಲ್ಲ. ಅವಳು ಪದ ಮುಗಿಸಿದಳು.

ಇಬ್ಬರೂ ವೇದಿಕೆ ಹತ್ತಬೇಕಿದ್ದ ದಿನ ಬೆಳಿಗ್ಗೆ ಸರ್ದಾರ ಫೋನ್ ಮಾಡಿದ. ಅವರ ಓಣಿಯ ಭಾಗಮ್ಮ ತೀರಿಕೊಂಡಿದ್ದಳು. ಮನೆಯವರು ಪದ ಬೇಕೆನ್ನುತ್ತಿದ್ದರು. ಬಸವೇಶ್ವರಿ ಚೀಲ ತುಂಬಿದಳು. ತಾರೀಕ ವಿಷಯ ತಿಳಿಸಿದಾಗ ಸಲೋಮೆ ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಬಸ್ ಹತ್ತಿದಳು.

ಸಾವಿನ ಮನೆಯಲ್ಲಿ ಹೆಂಗಸರು ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟರು. ಬಸವೇಶ್ವರಿ ಸಾಲು ಎತ್ತಿದಳು. ರೂಢಿ ತಪ್ಪಿದ್ದ ಮೇಳ ತಡವರಿಸಿತು. ಸಲೋಮೆಯ ಸ್ವರವೊಂದೇ ಕೆಳಗಿನಿಂದ ಎದ್ದಿತು. ಕೆಲವರು ತಿರುಗಿ ನೋಡಿದರು. ಬಸವೇಶ್ವರಿ ಕಾಯಲಿಲ್ಲ, ಎರಡನೆಯ ಸಾಲಿಗೆ ಹೋದಳು. ಮೂರನೆಯದಕ್ಕೆ ಮೇಳ ಕೂಡಿಕೊಂಡು ಸಾಲನ್ನು ತಿರುಗಿ ಹೇಳಿತು.

ಪದ ಮುಗಿದಾಗ ಸರ್ದಾರ ತಬಲಾದ ಮೇಲೆ ಅಂಗೈ ಇಟ್ಟು ಅವಳ ಕಡೆ ಬಾಗಿದ. ನಾಗೇಂದ್ರಪ್ಪನ ಹೊರತು ಬೇರೆ ಯಾರಿಗೂ ಅವನು ಈ ಮಾತು ಕೇಳಿದವನಲ್ಲ.

“ಮುಂದಿಂದು ಯಾವ್ದು ಎತ್ತತಿ, ಬೇಟಿ?”